ಪೆನ್ಸಿಲಿನಲ್ಲಿದ್ದ ಹೆಸರು

ನಮ್ಮ ಸೋದರತ್ತೆಗೆ ಹೆತ್ತವಳ ಹೆಸರು ಗೊತ್ತಿಲ್ಲ. ಈಗ ಎಂಬತ್ತು ದಾಟಿದೆ. ಇವಳನ್ನು ಹೆತ್ತ ಬಾಣಂತನದಲ್ಲೇ ತಾಯಿ ತೀರಿಕೊಂಡಳು. ವರ್ಷ ತುಂಬುವುದರೊಳಗೆ ತಾತ ನಮ್ಮಜ್ಜಿಯನ್ನು ಕಟ್ಟಿಕೊಂಡ. ಸೊಸೆಯನ್ನು ತವರೂರಿನಿಂದಲೇ ಕರೆಯುವುದು ನಮ್ಮ ಕಡೆಯ ವಾಡಿಕೆ. ಹಾಗಾಗಿ ಸತ್ತವಳು ಎಲ್ಲರ ಬಾಯಲ್ಲಿ ಬರೀ ‘ದುದ್ದದವಳು’. ಹೆಸರೇನು ಅಂತ ಕೇಳಿದರೆ ನಮ್ಮಪ್ಪ, “ಎಂಗುಸ್ರ ಎಸ್ರು ಯಾರ್ ನೆಪ್ಪಲ್ಲಿಟ್ಕತಾರೆ ಬುಡು” ಅಂದ. ಮನೆಯಲ್ಲಿ ಎಂದೋ ಇದ್ದ ಎತ್ತುಗಳ ಹೆಸರು ಮಾತ್ರ ಇವತ್ತಿಗೂ ಅವನ ಬಾಯಲ್ಲೇ ಇದೆ. ದುದ್ದದಲ್ಲಿ ಕೇಳೋಣವೆಂದರೆ ಅವಳ ಕಡೆಯವರು ಯಾರೂ ಉಳಿದಿಲ್ಲ.

ಹಿರಿಯರ ಹಬ್ಬದಲ್ಲಿ ಎಡೆಯಿಟ್ಟು, ಸತ್ತವರ ಹೆಸರು ಹಿಡಿದು ಊಟಕ್ಕೆ ಕರೆಯಬೇಕು. ಮಳವಳ್ಳಿಯ ತನ್ನ ಮನೆಯಲ್ಲಿ ಅತ್ತೆ ಗಂಡನ ಕಡೆಯವರನ್ನೆಲ್ಲ ಕರೆದು, ತನ್ನ ತಾಯಿಯ ಎಡೆ ಮುಂದೆ ಮಾತ್ರ ಸುಮ್ಮನೆ ನಿಲ್ಲುತ್ತಾಳೆ. “ನಾನ್ ಓಗಕ್ ಮುಂಚೆ ಒಂದ್ಸಲನಾದ್ರೂ ಎಸ್ರಿಡ್ದು ಕರೀಬೇಕು ಕಣವ್ವ” ಅಂದಳು.

ಹಳ್ಳಿಗಳ ಹಳೆಯ ಜನನ ಮರಣದ ಪುಸ್ತಕಗಳನ್ನು ಹಿಂದೆಯೇ ಪುಟಪುಟವಾಗಿ ಫೋಟೋ ತೆಗೆದು ಮೈಕ್ರೋಫಿಲಂ ಮಾಡಿಟ್ಟಿದ್ದರು. ಆ ಫಿಲಂ ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಹಾಕಿದ್ದಾರೆ, ವಂಶ ಹುಡುಕುವವರು ನೋಡಬಹುದು ಎಂದು ತಿಳಿಯಿತು. ಮದ್ದೂರಿನಿಂದ ನಾನು, ಮಳವಳ್ಳಿಯಿಂದ ಅತ್ತೆ, ಅವನ್ನು ಇಟ್ಟಿದ್ದ ಮಂಡ್ಯದ ಕಚೇರಿಗೆ ಹೋದೆವು.

ಪುಟ ಸಿಕ್ಕಿತು. ಊರು ಸರಿಯಾಗಿತ್ತು. ‘ಬಾಣಂತಿ ಸಾವು’ ಎಂದಿತ್ತು. ತಾತನ ಹೆಸರು, ಅದರ ಮುಂದೆ ‘ಹೆಂಡತಿ’, ಅದರ ಮುಂದೆ ಬರೀ ಬಿಳಿ. ಓದು ಬಾರದ ಅತ್ತೆ ಪರದೆಗೆ ಮೂಗು ತಾಗುವಷ್ಟು ಬಗ್ಗಿ, “ಎಲ್ಲೈತವ್ವ?” ಅಂದಳು.

ಸ್ಕ್ಯಾನ್ ಮಾಡಿದವನೇ ಅಲ್ಲಿ ಕೂತಿದ್ದ. “ಗಂಡಸರ ಹೆಸರು ಶಾಯಿಯಲ್ಲಿ ಬರೀತಿದ್ರು ಮೇಡಂ. ಹೆಂಗಸರದ್ದು ಆಮೇಲೆ ಯಾರನ್ನಾದ್ರೂ ಕೇಳಿ ಪೆನ್ಸಿಲಲ್ಲಿ ತುಂಬ್ತಿದ್ರು. ಸ್ಕ್ಯಾನಲ್ಲಿ ಪುಟ ಬೆಳ್ಳಗೆ ಕಾಣ್ಬೇಕು ಅಂದ್ರು ಸಾಹೇಬ್ರು. ಬೆಳ್ಳಗೆ ಮಾಡೋವಾಗ ಪೆನ್ಸಿಲ್ದೆಲ್ಲ ಹೋಯ್ತು.”

“ಫಿಲಂ ತೆಗೀರಿ, ಅದರಲ್ಲೇ ನೋಡ್ತೀನಿ” ಅಂದೆ.

“ಫಿಲಂ ಹಳೇದಾಗಿ ಕೆಟ್ಟು ಹುಳಿ ವಾಸನೆ ಹೊಡೀತಿತ್ತು. ಸ್ಕ್ಯಾನ್ ಆಯ್ತಲ್ಲ ಅಂತ ಗುಜರಿಗೆ ಹಾಕ್ಬಿಟ್ರು.”

ಮೂಲ ಪುಸ್ತಕ ಗೆದ್ದಲು ತಿಂದು ಯಾವ ಕಾಲವಾಯಿತೋ. ಗೆದ್ದಲಿಗಾದರೆ ಬುದ್ಧಿಯಿಲ್ಲ, ಇವರಿಗೇನು ಬಂದಿತ್ತು ರೋಗ? ಮೈಯೆಲ್ಲ ಉರಿದುಹೋಯಿತು. ಎಸೆಯುವ ಮುಂಚೆ ಒಂದು ಪುಟವನ್ನಾದರೂ ಹೋಲಿಸಿ ನೋಡಿದಿರಾ ಎಂದು ಕೂಗಾಡಿದೆ. ಯಾರೂ ನೋಡಿರಲಿಲ್ಲ. ಗಂಡಸರ ಹೆಸರು ಒಂದಕ್ಷರ ಅಲುಗದೆ ನಿಂತಿತ್ತಲ್ಲ, ಅವರಿಗೆ ಅಷ್ಟು ಸಾಕಾಗಿತ್ತು. ನಿಜ ಹೇಳಬೇಕೆಂದರೆ ನನ್ನ ಸಿಟ್ಟು ಕಚೇರಿಯವರ ಮೇಲಷ್ಟೇ ಅಲ್ಲ. ಮೊದಲು ಅಳಿಸಿದ್ದು ನಮ್ಮ ಮನೆಯವರು. ಉಳಿದ ಚೂರನ್ನು ಇವರು ಗುಡಿಸಿ ಹಾಕಿದರು.

ನನ್ನನ್ನು ಸಮಾಧಾನ ಮಾಡಲು ಅವನು, “ಹೋಗ್ಲಿ ಬಿಡಿ ಮೇಡಂ. ಆ ಕಾಲದ್ದು ಯಾವ್ದಾದ್ರೂ ಒಂದು ಹೆಸರು ಅಜ್ಜೀನೇ ಹೇಳ್ಲಿ, ಟೈಪ್ ಮಾಡಿ ಪ್ರಿಂಟ್ ಕೊಡ್ತೀನಿ” ಅಂದ.

ನಾನು ಬಾಯಿ ತೆರೆಯುವುದರೊಳಗೆ ಅತ್ತೆ ಎದ್ದು ನಿಂತಳು.

“ಬ್ಯಾಡ ಕಣಪ್ಪ. ಇನ್ಯಾರ್ದೋ ಎಸ್ರಿಡ್ದು ಕರುದ್ರೆ ನಮ್ಮವ್ವ ಬರಕಿಲ್ಲ. ಇನ್ಯಾರೋ ಬಂದು ಉಂಡ್ಕೊಂಡು ಓಯ್ತಾರೆ.”