ಹೊಂಡಕ್ಕೆ ಬೆನ್ನು ಹಾಕಿ ಕೂತ ಅಕ್ಕ

ಹಿಂದೂಪುರದ ಆಚೆ, ನಮ್ಮ ಹೊಲದ ಪಕ್ಕದಲ್ಲಿ ಒಬ್ಬ ಅಕ್ಕ ಹೊಂಡದಲ್ಲಿ ಮೀನು ಸಾಕುತ್ತಿದ್ದಳು. ಕಡಲೆಕಾಯಿ ಹಿಂಡಿಗೆ ಎಣ್ಣೆ ಬೆರೆಸಿ ಉಂಡೆ ಕಟ್ಟಿ, ಸೆರಗಿನ ತುಂಬ ತಂದು ನೀರಿಗೆ ಎಸೆಯುತ್ತಿದ್ದಳು. ಸಾಕು ಬಿಡಕ್ಕ ಎಂದರೆ, “ತಿನ್ನೋ ಜೀವಕ್ಕೆ ಇಲ್ಲ ಅನ್ಬಾರ್ದು ಕಣಪ್ಪ” ಎನ್ನುತ್ತಿದ್ದಳು.

ಒಂದು ಬೇಸಿಗೆಯಲ್ಲಿ ದಪ್ಪ ದಪ್ಪ ಮೀನುಗಳೇ ಸತ್ತು ತೇಲಿದವು. ಮೀನಿನ ಡಾಕ್ಟರು ಒಂದನ್ನು ಕೊಯ್ದು ತೋರಿಸಿದರು. ಕೆಂಪಗಿರಬೇಕಾದ ಲಿವರು ಊದಿ ಹಳದಿಯಾಗಿತ್ತು. ಅಕ್ಕ ಮುಟ್ಟಿದಳು, ಬೆರಳಿಗೆ ಜಿಡ್ಡು ಅಂಟಿತು.

“ಕೊಬ್ಬು ಜಾಸ್ತಿಯಾಗೈತಮ್ಮ. ಎಣ್ಣೆ ನಿಲ್ಸಿ, ಮೇವು ಕಮ್ಮಿ ಮಾಡಿ” ಎಂದರು ಡಾಕ್ಟರು.

“ನನ್ ಕೈಯಾರೆ ಕೊಂದ್ಬುಟ್ನಲ್ಲಪ್ಪ” ಎಂದು ಅವಳು ಆ ಬೆರಳನ್ನೇ ನೋಡುತ್ತ ನಿಂತಳು.

ಅಂದಿನಿಂದ ಅಳೆದು ಮೇವು ಹಾಕಿದಳು. ಮೀನುಗಳು ಇನ್ನೂ ಬೇಕೆಂದು ಬಾಯಿ ತೆರೆಯುವುದನ್ನು ನೋಡಲಾರದೆ ಹೊಂಡಕ್ಕೆ ಬೆನ್ನು ಹಾಕಿ ಕೂರುತ್ತಿದ್ದಳು. ಉಳಿದವು ಚೇತರಿಸಿಕೊಂಡವು.

ಮಗಳ ಬಾಣಂತನಕ್ಕೆ ಕಲ್ಯಾಣದುರ್ಗಕ್ಕೆ ಹೋದವಳು ಅಲ್ಲೇ ಉಳಿದಳು. ಮೀನು ನೋಡಿಕೊಳ್ಳುವುದು ನನ್ನ ಪಾಲಿಗೆ ಬಂತು. ಒಂದು ಸಂಜೆ ಅವಳು ಫೋನು ಮಾಡಿ, “ಒಸಿ ನೀರಿನ್ ಹತ್ರ ಹಿಡಿಯಪ್ಪ ಫೋನ” ಎಂದಳು. ಹಿಡಿದೆ. ಮೀನುಗಳು ಬಾಲ ಬಡಿಯುವ ಸದ್ದನ್ನು ಬಹಳ ಹೊತ್ತು ಕೇಳಿಸಿಕೊಂಡಳು.

ಆಮೇಲೆ ಅವಳ ಫೋನು ಬರಲಿಲ್ಲ. ಈಗಲೂ ಮೇವು ಹಾಕುವಾಗ, ಕರೆ ಬಂದರೆ ಅವಳಿಗೆ ಆ ಸದ್ದು ಕೇಳಿಸಲಿ ಎಂದು ಫೋನನ್ನು ದಡದ ಮೇಲೆ ಹತ್ತಿರದಲ್ಲೇ ಇಟ್ಟುಕೊಳ್ಳುತ್ತೇನೆ.