ನೋಡಿ ಹೋಗುವವರಿಗೂ ಕುಂಕುಮ

ಭದ್ರಾ ಹೊಳೆದಂಡೆಯ ಕಾಟೇಜನ್ನು ಪ್ರವಾಸಿಗರಿಗೆ ಬಾಡಿಗೆಗೆ ಕೊಡುವ ವಸಂತಮ್ಮನವರು ಅದರ ವೆಬ್‌ಸೈಟನ್ನು ತಾವೇ ಕಲಿತು ಕಟ್ಟಿದ್ದಾರೆ, ಆದರೆ ಕಟ್ಟಿ ಮುಗಿಸಿಲ್ಲ. ವಾರವಾರವೂ ಭದ್ರಾವತಿಯ ಸೈಬರ್ ಕೆಫೆಗೆ ಬಂದು, ಚಪ್ಪಲಿ ಹೊರಗೆ ಬಿಟ್ಟು, ಕಂಪ್ಯೂಟರಿಗೆ ಕೈಮುಗಿದು, ಆ ಸೈಟನ್ನು ಗುಡಿಸಿ ಸಾರಿಸುತ್ತಾರೆ. ಕೆಫೆ ನಡೆಸುವ ಜ್ಞಾನೇಶನಿಗೆ ಆ ಶ್ರದ್ಧೆ ಕಂಡರೆ ಮೈ ಜುಮ್ಮೆನ್ನುತ್ತದೆ. ಮೊದಲ ಪುಟಕ್ಕೆ ರಂಗೋಲಿ ಹಾಕಿದ್ದಾರೆ, ಎರಡನೆಯದಕ್ಕೆ ಬೆಲ್ಲ-ನೀರಿನ ಚಿತ್ರ. "ರೂಮಿನ ಫೋಟೊ ಹಾಕಿ ಅಮ್ಮಾ, ಇಲ್ದಿದ್ರೆ ಜನ ಬುಕ್ ಮಾಡ್ದೆ ಸುಮ್ನೆ ನೋಡಿ ಹೋಗ್ತಾರೆ" ಎಂದು ಅವನೆಂದರೆ, "ನೋಡೋಕೆ ಬಂದೋರೂ ನೆಂಟರೇ ಮಾರಾಯ, ಬರಿಗೈಲಿ ಕಳಿಸೋಕಾಗುತ್ತಾ?" ಎನ್ನುತ್ತಾರೆ. ಸೈಟಿಗೆ ಬಂದವರ ಎಣಿಕೆ ಒಂದು ಏರಿದರೂ ಸಾಕು, ಯಾರೋ ಬಾಗಿಲಿಗೇ ಬಂದಂತೆ ಸೆರಗು ಸರಿಮಾಡಿಕೊಳ್ಳುತ್ತಾರೆ. ಈ ಸಲ ಕೊನೆಯ ಪುಟಕ್ಕೆಂದು ಒಂದು ಫೋಟೊ ತಂದರು: ಕುಂಕುಮದ ಭರಣಿ ಹಿಡಿದು ಮುಂದೆ ಚಾಚಿದ, ಬಳೆಯಿಲ್ಲದ ಅವರದೇ ಕೈ. ಜ್ಞಾನೇಶ್ ಅವರ ಬರಿ ಹಣೆ ನೋಡಿ ತಡವರಿಸಿದ. "ಗಂಡ ಸತ್ತೋಳು ಅಂತ ಊರಲ್ಲಿ ನನ್ನ ಕೈಯಿಂದ ಯಾರೂ ಕುಂಕುಮ ತಗೊಳ್ಳಲ್ಲ ಕಣಪ್ಪ. ಇಲ್ಲಿಗೆ ಬಂದೋರಿಗಾದ್ರೂ ಕೊಡ್ತೀನಿ. ದೊಡ್ಡದಾಗಿ ಕಾಣೋ ಹಾಗೆ ಹಾಕು" ಎಂದರು. ಜ್ಞಾನೇಶ್ ಎದ್ದು ಹೋಗಿ, ತನ್ನ ಚಪ್ಪಲಿಯನ್ನೂ ಹೊರಗೆ ಬಿಟ್ಟು ಬಂದು, ಆ ಕೈಯನ್ನು ಪುಟ ತುಂಬ ಹಾಕಿದ.