ಮಾನಿಟರ್ ಆರಿಸಿದ ಮೇಷ್ಟ್ರು

ಬೀರು ಖಾಲಿ ಮಾಡುವಾಗ ಸ್ಪೈರಲ್ ಬೈಂಡ್ ಮಾಡಿಸಿದ ಹಳೇ ನೋಟ್ಸು ಸಿಕ್ಕಿತು. ಜೆರಾಕ್ಸ್ ಕಾಗದದ ವಾಸನೆ ಮೂಗಿಗೆ ಬಡಿದದ್ದೇ ತಡ, ಮಂಡ್ಯದ ಆ ಕಾಲೇಜು, ಆ ಕಂಪ್ಯೂಟರ್ ಲ್ಯಾಬು, ಎಣ್ಣೆ ಹಚ್ಚಿ ಬಾಚಿದ ಆ ಮೇಷ್ಟ್ರ ತಲೆ... ಎಲ್ಲ ಎದುರಿಗೆ ಬಂದು ನಿಂತವು.

ಪಾಠ ಅಂದರೆ ಅವರಿಗೆ ಈ ನೋಟ್ಸು ಓದಿ ಬರೆಸುವುದು. ಅಲ್ಪವಿರಾಮ ಬಂದಾಗ "ಕಾಮಾ" ಎಂದು ಬಾಯಲ್ಲೇ ಹೇಳುತ್ತಿದ್ದರು. ಅದರಲ್ಲೊಂದು ಪುಟ, ಪಟ್ಟಿಯನ್ನು ಹಿಂದುಮುಂದು ಮಾಡುವ ಫಂಕ್ಷನ್ನಿನದು. ನಾವು ಕಲಿಯುತ್ತಿದ್ದ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಯಾವುದು ಸಂಖ್ಯೆ, ಯಾವುದು ಅಕ್ಷರ ಎಂದು ನಾವು ಬರೆದುಕೊಡಬೇಕಿರಲಿಲ್ಲ. ಕೋಡನ್ನು ಯಂತ್ರಕ್ಕೆ ತಿಳಿಯುವಂತೆ ಮಾಡುವ ಕಂಪೈಲರೇ ಅದನ್ನು ನೋಡಿ ಟೈಪು, ಅಂದರೆ ಬಗೆ, ಯಾವುದೆಂದು ಕಂಡುಹಿಡಿಯುತ್ತಿತ್ತು. ನೋಟ್ಸಿನ ಪ್ರಕಾರ ಈ ಫಂಕ್ಷನ್ನಿನ ಟೈಪು "ಸಂಖ್ಯೆಗಳ ಪಟ್ಟಿ".

ನನಗೆ ಒಪ್ಪಿಗೆಯಾಗಲಿಲ್ಲ. ಪಟ್ಟಿಯಲ್ಲಿರುವುದನ್ನು ಅದು ಕೂಡುವುದಿಲ್ಲ, ಕಳೆಯುವುದಿಲ್ಲ, ಬರೀ ಜಾಗ ಬದಲಿಸುತ್ತದೆ. ಹೆಸರುಗಳ ಪಟ್ಟಿ ಕೊಟ್ಟರೂ ನಡೆಯಬೇಕಲ್ಲ? ಯಾವ ಬಗೆಯದು ಒಳಗೆ ಹೋಯಿತೋ ಅದೇ ಬಗೆಯದು ಹೊರಗೆ ಬರುತ್ತದೆ, ಅಷ್ಟೇ. ಎದ್ದು ನಿಂತು ಹೇಳಿದೆ.

"ಯಾವೂರಮ್ಮ ನಿಂದು?"

"ಆತಗೂರು, ಸಾರ್."

"ಆತಗೂರಿಂದ ಬಸ್ಸತ್ಕೊಂಡು ಬಂದು ನಂಗೇ ಪಾಠ ಏಳ್ತೀಯಾ? ಕೂತ್ಕೊ."

ಕ್ಲಾಸು ನಕ್ಕಿತು. ಆ ಮನುಷ್ಯನಿಗೆ ಸರಿಯಾಗಿ ಬರುತ್ತಿದ್ದ ವಿದ್ಯೆ ಅದೊಂದೇ.

ಮರುದಿನ ಲ್ಯಾಬಿನಲ್ಲಿ ಅದೇ ಕೋಡ್ ಹಾಕಿ ಅವರನ್ನು ಕರೆದೆ. ಪರದೆಯ ಮೇಲೆ ಕಂಪೈಲರು ನಾನು ಹೇಳಿದ್ದನ್ನೇ ಹೇಳಿತ್ತು. ಬಗ್ಗಿ ನೋಡಿದರು. ಬೆರಳು ಚಾಚಿ, ಮಾನಿಟರ್ ಆರಿಸಿ, ಮುಂದಿನ ಸಾಲಿಗೆ ಹೋದರು.

ಲ್ಯಾಬ್ ಪರೀಕ್ಷೆಯ ದಿನ, ಜೊತೆಗೆ ಓದುತ್ತಿದ್ದ ಮಳವಳ್ಳಿಯ ಗೆಳತಿ ಬಾಗಿಲಲ್ಲೇ ಕೈ ಹಿಡಿದಳು. "ಅವ್ರೇಳ್ದಂಗೇ ಬರ್ದು ಬುಡು ಕಣೇ."

ಚೀಟಿ ಎತ್ತಿದೆ. ಅದೇ ಪ್ರಶ್ನೆ. ಸರಿ ಉತ್ತರ ಬರೆದೆ, ಫೇಲಾದೆ. ಫೇಲಾದ ವಿಷಯ, ಅಂದರೆ ಬ್ಯಾಕ್, ಉಳಿಸಿಕೊಂಡವರು ಬರುವುದೇ ಬೇಡ ಎಂದು ಆ ವರ್ಷ ಕೆಲಸಕ್ಕೆ ಆರಿಸಲು ಕಾಲೇಜಿಗೆ ಬಂದ ಕಂಪನಿಗಳೆಲ್ಲ ಹೇಳಿದವು. ಅಪ್ಪನಿಗೆ ಏನೆಂದು ವಿವರಿಸಲಿ... ಮುಂದಿನ ವರ್ಷ ಮತ್ತೆ ಪರೀಕ್ಷೆಗೆ ಕೂತಾಗ ಅದೇ ಪ್ರಶ್ನೆಗೆ ಅವರು ಬರೆಸಿದ ಉತ್ತರವನ್ನೇ ಗೀಚಿದೆ. ಪೂರ್ತಿ ಅಂಕ ಬಂತು.

ಎಷ್ಟೋ ವರ್ಷದ ಮೇಲೆ ಮದ್ದೂರು ಸ್ಟೇಷನ್ನಿನಲ್ಲಿ ಮೇಷ್ಟ್ರು ಸಿಕ್ಕರು. ರಿಟೈರಾಗಿದ್ದರು. ಅವರೇ ಗುರುತು ಹಿಡಿದು ಹತ್ತಿರ ಬಂದರು.

"ಆವತ್ತು ನೀನೇಳಿದ್ದೇ ಸರಿ ಕಣಮ್ಮ. ನಂಗೂ ಗೊತ್ತಿತ್ತು."

ಗೊತ್ತಿತ್ತು! ದಡ್ಡ ಮನುಷ್ಯ ಎಂದುಕೊಂಡು ಅಷ್ಟು ವರ್ಷ ಅರ್ಧ ಕ್ಷಮಿಸಿಬಿಟ್ಟಿದ್ದೆ. ಆ ಅರ್ಧವೂ ಅಲ್ಲೇ ಹೋಯಿತು. ಗೊತ್ತಿದ್ದೂ ಯಾಕೆ ಹಾಗೆ ಮಾಡಿದಿರಿ ಎಂದು ಕೇಳಬಹುದಿತ್ತು. ಕೇಳಲಿಲ್ಲ. ಗೊತ್ತಿದ್ದೂ ತಪ್ಪು ಬರೆದವಳು ನಾನೂ ಹೌದಲ್ಲ... ರೈಲು ಬಂತು, ಹತ್ತಿಕೊಂಡೆ.

ಹೋದ ತಿಂಗಳು ತೀರಿಕೊಂಡರಂತೆ. ಕಾಲೇಜಿನ ವಾಟ್ಸಾಪ್ ಗುಂಪಿನ ತುಂಬ "ಮಹಾನ್ ಗುರುಗಳು" ಎಂದು ಎಲ್ಲರೂ ಕೈ ಮುಗಿದಿದ್ದಾರೆ. ನಾನು ಮುಗಿಯಲಿಲ್ಲ. ಕೇಳಬೇಕಿದ್ದ ಒಂದು ಮಾತಿತ್ತು, ಉತ್ತರ ಕೊಡಬಲ್ಲ ಒಬ್ಬನೇ ಮನುಷ್ಯ ಹೋಗಿಬಿಟ್ಟ. ಅವರ ಸಾವಿನಿಂದ ನನಗಾದ ನಷ್ಟ ಅಷ್ಟೇ. ಅದು ಇಷ್ಟು ಕಾಡುತ್ತದೆ ಎಂದು ಮಾತ್ರ ಅಂದುಕೊಂಡಿರಲಿಲ್ಲ.